ನಾಲ್ಕು ಕಂಠ, ಒಂದು ಪಲ್ಲವಿ: ಜುರಾಸಿಕ್ 5 ಮತ್ತು ಹಿಪ್‌ಹಾಪ್‌ನ ‘ಹಳೆಯ’ ಧ್ವನಿ

ಜುರಾಸಿಕ್ 5 ತಂಡದ ಹೆಸರಿನಲ್ಲಿ ಐದಿದೆ, ತಂಡದಲ್ಲಿದ್ದವರು ಆರು ಮಂದಿ. ಚಾಲಿ ಟೂನಾ, ಆಕಿಲ್, ಝಾಕಿರ್ ಮತ್ತು ಮಾರ್ಕ್ 7 ರ‍್ಯಾಪ್ ಹಾಡುವವರು. ಕಟ್ ಕೆಮಿಸ್ಟ್ ಮತ್ತು ನು-ಮಾರ್ಕ್ ಡಿಜೆಗಳು. 1993ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಯುನಿಟಿ ಕಮಿಟಿ, ರೆಬೆಲ್ಸ್ ಆಫ್ ರಿದಮ್ ಎಂಬ ಎರಡು ಗುಂಪುಗಳು ಕೂಡಿ ಈ ತಂಡವಾಯಿತು. 1997ರಲ್ಲಿ ಇವರ ಮೊದಲ ಇಪಿ ಬಂದಾಗ ‘ಓಲ್ಡ್ ಸ್ಕೂಲ್’ ಎಂಬ ಹಣೆಪಟ್ಟಿ ಅಂಟಿಕೊಂಡಿತು. ಆದರೆ ಇವರ ಸಂಗೀತದಲ್ಲಿ ಹಳೆಯದು ಯಾವುದು?

ಮೊದಲನೆಯದಾಗಿ, ಹಾಡುವ ಕ್ರಮ. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೋಲ್ಡ್ ಕ್ರಷ್ ಬ್ರದರ್ಸ್‌ನಂಥ ತಂಡಗಳು ಸಾಲನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ, ಕೊನೆಯ ಪದಕ್ಕೆ ಎಲ್ಲರೂ ದನಿಗೂಡಿಸುತ್ತ ಹಾಡುತ್ತಿದ್ದವು. ಮುಂದೆ ಒಂಟಿ ರ‍್ಯಾಪರ್‌ನ ಕಾಲ ಬಂದು ಈ ಕಲೆ ಮೂಲೆಗೆ ಸರಿಯಿತು. ಜುರಾಸಿಕ್ 5 ಅದನ್ನೇ ಎತ್ತಿಕೊಂಡಿತು. ಚಾಲಿ ಟೂನಾನ ಕಂಠ ಪಾತಾಳದಿಂದ ಬಂದಷ್ಟು ಆಳ. ಉಳಿದ ಮೂವರದು ಅದಕ್ಕಿಂತ ಮೇಲಿನ ಸ್ಥಾಯಿ. ಹೀಗಾಗಿ ನಾಲ್ವರೂ ಒಂದೇ ಪದವನ್ನು ನುಡಿದಾಗ ಕೇಳಿಬರುವುದು ಏಕಕಂಠವಲ್ಲ, ಪದರು ಪದರಾದ ಮೇಳ. ‘ಕಾಂಕ್ರೀಟ್ ಸ್ಕೂಲ್‌ಯಾರ್ಡ್’ ಇದಕ್ಕೆ ಒಳ್ಳೆಯ ನಿದರ್ಶನ.

ಇದು ನಡೆದದ್ದು ಎಲ್ಲಿ ಎಂಬುದೂ ಮುಖ್ಯ. 1992ರ ಕೊನೆಯಲ್ಲಿ ಡಾ. ಡ್ರೇ ಅವರ ‘ದ ಕ್ರಾನಿಕ್’ ಹೊರಬಂದ ಮೇಲೆ ಲಾಸ್ ಏಂಜಲೀಸ್ ಎಂದರೆ ಗ್ಯಾಂಗ್‌ಸ್ಟಾ ರ‍್ಯಾಪ್ ಎಂದೇ ಜಗತ್ತು ನಂಬಿತು. ಅದೇ ಊರಿನ ಗುಡ್ ಲೈಫ್ ಕೆಫೆ ಎಂಬ ಆರೋಗ್ಯ ಆಹಾರದ ಅಂಗಡಿಯಲ್ಲಿ ವಾರಕ್ಕೊಮ್ಮೆ ಯಾರು ಬೇಕಾದರೂ ಬಂದು ಹಾಡಬಹುದಿತ್ತು. ಷರತ್ತು ಒಂದೇ: ಬೈಗುಳ ಸಲ್ಲದು. ಹಾಡು ಸಪ್ಪೆಯೆನಿಸಿದರೆ, ಮೈಕನ್ನು ದಯವಿಟ್ಟು ಮುಂದಿನವರಿಗೆ ಕೊಡಿ ಎಂದು ಸಭಿಕರೇ ಕೂಗುತ್ತಿದ್ದರು. ಜುರಾಸಿಕ್ 5ರ ಸದಸ್ಯರು ಪಳಗಿದ್ದು ಇಲ್ಲಿ. ಅಲ್ಲಿಯೇ ಹಾಡುತ್ತಿದ್ದ ಆವಾ ಡುವರ್ನೇ ಮುಂದೆ ನಿರ್ದೇಶಕಿಯಾಗಿ, 2008ರಲ್ಲಿ ‘ದಿಸ್ ಈಸ್ ದ ಲೈಫ್’ ಎಂಬ ಸಾಕ್ಷ್ಯಚಿತ್ರದಲ್ಲಿ ಆ ಪರಿಸರವನ್ನು ದಾಖಲಿಸಿದರು. ತಂಡದ ಶುಭ್ರ ಭಾಷೆಯನ್ನು ಬರೀ ನೈತಿಕ ನಿಲುವೆಂದು ಓದುವವರು ಈ ಷರತ್ತನ್ನು ಮರೆಯುತ್ತಾರೆ. ಬೈಗುಳದ ಊರುಗೋಲಿಲ್ಲದೆ ಸಭೆಯನ್ನು ಹಿಡಿದಿಡಲು ಪ್ರಾಸ ಮತ್ತು ಲಯ ಎರಡೂ ಗಟ್ಟಿಯಿರಬೇಕು.

ವಾದ್ಯದ ಕಥೆ ಬೇರೆ. ಹಿಪ್‌ಹಾಪ್‌ನ ಮೂಲ ತಂತ್ರ 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ಒಂದು ಪಾರ್ಟಿಯೊಂದಿಗೆ ತಳಕು ಹಾಕಿಕೊಂಡಿದೆ. ಡಿಜೆ ಕೂಲ್ ಹರ್ಕ್ ಒಂದೇ ಹಾಡಿನ ಎರಡು ಪ್ರತಿಗಳನ್ನು ಬಳಸಿ ಡ್ರಮ್ ಭಾಗವನ್ನಷ್ಟೇ ಹಿಗ್ಗಿಸುತ್ತಿದ್ದರು. ಆದರೆ ಇಂದಿನ ಕಿವಿ ‘ಹಳೆಯದು’ ಎಂದು ಗುರುತಿಸುವ ಒರಟು ನಾದ ಅಲ್ಲಿಂದ ಬಂದದ್ದಲ್ಲ. ಅದು 1987ರಲ್ಲಿ ಬಂದ ಎಸ್‌ಪಿ-1200ರಂಥ ಸ್ಯಾಂಪ್ಲರ್‌ಗಳ, ಅಂದರೆ ರೆಕಾರ್ಡಿನ ತುಣುಕನ್ನು ತುಂಬಿಕೊಂಡು ಮತ್ತೆ ನುಡಿಸುವ ಯಂತ್ರಗಳ, ಕೊಡುಗೆ. 12 ಬಿಟ್‌ನ ಆ ಯಂತ್ರದ ನೆನಪಿನ ಸಾಮರ್ಥ್ಯ ಸುಮಾರು 10 ಸೆಕೆಂಡು. ಜಾಗ ಉಳಿಸಲು ರೆಕಾರ್ಡನ್ನು ವೇಗವಾಗಿ ಓಡಿಸಿ ತುಂಬಿಕೊಂಡು, ಒಳಗೆ ನಿಧಾನಗೊಳಿಸುತ್ತಿದ್ದರು. ಆಗ ನಾದ ಮಬ್ಬಾಗಿ, ಗರಗರ ಎನ್ನುತ್ತಿತ್ತು. ಅಂದಿನ ಕೊರತೆ ಇಂದಿನ ಸೊಗಸಾಗಿದೆ, ಅಷ್ಟೇ! ಕಟ್ ಕೆಮಿಸ್ಟ್‌ನ ‘ಲೆಸನ್ 6’ ಕೂಡ ಡಬಲ್ ಡೀ ಮತ್ತು ಸ್ಟೈನ್‌ಸ್ಕಿ 1980ರ ದಶಕದಲ್ಲಿ ಮಾಡಿದ ‘ಲೆಸನ್’ ಸರಣಿಗೆ ಸಲ್ಲಿಸಿದ ಗೌರವ. ಅಂದರೆ ಜುರಾಸಿಕ್ 5ರ ‘ಹಳೆತನ’ ಒಂದು ಕಾಲದ ಪಡಿಯಚ್ಚಲ್ಲ. ಬೇರೆ ಬೇರೆ ಕಾಲಗಳಿಂದ ಆಯ್ದು ಕಟ್ಟಿದ ಹೊಸ ರಚನೆ.

‘ಕ್ವಾಲಿಟಿ ಕಂಟ್ರೋಲ್’ (2000) ಬಂದದ್ದು ‘ದ ಕ್ರಾನಿಕ್’ ಅನ್ನು ಹೊರತಂದ ಇಂಟರ್‌ಸ್ಕೋಪ್ ಸಂಸ್ಥೆಯಿಂದಲೇ. 2002ರಲ್ಲಿ ‘ಪವರ್ ಇನ್ ನಂಬರ್ಸ್’ ಬಂತು. 2006ರ ‘ಫೀಡ್‌ಬ್ಯಾಕ್’ ಹೊತ್ತಿಗೆ ಕಟ್ ಕೆಮಿಸ್ಟ್ ತಂಡ ಬಿಟ್ಟಿದ್ದ. ಡೇವ್ ಮ್ಯಾಥ್ಯೂಸ್ ಬ್ಯಾಂಡ್ ಅತಿಥಿಯಾಗಿ ಬಂದರೂ ಆಲ್ಬಮ್‌ಗೆ ಕಸುವು ದಕ್ಕಲಿಲ್ಲ. ಮರುವರ್ಷ ತಂಡ ಒಡೆಯಿತು, 2013ರ ಕೋಚೆಲ್ಲಾ ಉತ್ಸವದಲ್ಲಿ ಮತ್ತೆ ಕೂಡಿತು. ತಮ್ಮ ಕೌಶಲವನ್ನೇ ಮತ್ತೆ ಮತ್ತೆ ಕೊಂಡಾಡಿಕೊಳ್ಳುವುದು ಇವರ ದೊಡ್ಡ ಮಿತಿ. ಹೊಸದಾಗಿ ಕೇಳುವವರು 1997ರ ಇಪಿಯಿಂದ ಆರಂಭಿಸಲಿ, ‘ಫೀಡ್‌ಬ್ಯಾಕ್’ ಕೊನೆಗಿರಲಿ.