ಬಂಗಾಳಕೊಲ್ಲಿಯ ಚಂಡಮಾರುತ ಮುನ್ನೆಚ್ಚರಿಕೆ

ಬಂಗಾಳಕೊಲ್ಲಿಯ ತೀರದಲ್ಲಿ ಚಂಡಮಾರುತದ ಆಗಮನವನ್ನು ಮುಂಚಿತವಾಗಿ ಸಾರುವ ವ್ಯವಸ್ಥೆಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಹಡಗುಗಳ ರಕ್ಷಣೆಯನ್ನೇ ಪ್ರಧಾನೋದ್ದೇಶವಾಗಿಟ್ಟುಕೊಂಡು, ಕಲ್ಕತ್ತೆಯ ಬಂದರಿನಲ್ಲಿ ತಲೆಯೆತ್ತಿತು. ದಡದ ಗುಡಿಸಲುಗಳಲ್ಲಿ ಬಾಳುವವರ ಕಡೆಗೆ ಅದು ಪೂರ್ಣವಾಗಿ ಮುಖ ತಿರುಗಿಸುವುದಕ್ಕೆ ನೂರು ವರ್ಷಗಳಿಗೂ ಮಿಕ್ಕಿದ ಕಾಲ ಹಿಡಿಯಿತು.

ಈ ಕಡಲಿನ ಬಿರುಗಾಳಿಗಳ ಸ್ವಭಾವವನ್ನು ನಾವಿಕರ ದಿನಚರಿಗಳಿಂದ ಸಂಗ್ರಹಿಸಿ ಶಾಸ್ತ್ರೀಯವಾಗಿ ನಿರೂಪಿಸಿದವರಲ್ಲಿ ಕಲ್ಕತ್ತೆಯ ಹೆನ್ರಿ ಪಿಡಿಂಗ್ಟನ್ ಅಗ್ರಗಣ್ಯನು. ಮಾತ್ಲಾ ನದಿಯ ದಂಡೆಯಲ್ಲಿ ಹೊಸ ಬಂದರೊಂದನ್ನು ಕಟ್ಟುವ ಆಲೋಚನೆ ನಡೆದಿದ್ದಾಗ, ಚಂಡಮಾರುತದೊಡನೆ ಏರಿಬರುವ ಸಮುದ್ರವು ಆ ನೆಲೆಯನ್ನು ಒಂದಲ್ಲ ಒಂದು ದಿನ ಮುಳುಗಿಸದೆ ಬಿಡದೆಂದು ಅವನು 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರಮುಖೇನ ನಿವೇದಿಸಿದನು. ಆದರೂ ಕ್ಯಾನಿಂಗ್ ಬಂದರು ನಿರ್ಮಿತವಾಯಿತು; 1867ರ ನವೆಂಬರಿನ ಬಿರುಗಾಳಿ ಅದನ್ನು ಧ್ವಂಸಗೊಳಿಸಿತು. ಆ ವೇಳೆಗೆ ಪಿಡಿಂಗ್ಟನ್ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದುವು.

ಅದಕ್ಕೆ ಮುನ್ನವೇ, 1864ರ ಅಕ್ಟೋಬರ್ 5ರಂದು, ಹೂಗ್ಲಿಯ ಮುಖದಿಂದ ಉಕ್ಕಿಬಂದ ಜಲರಾಶಿಯು ಸುಮಾರು 60,000 ಜನರನ್ನು ಆಹುತಿಗೊಂಡಿತ್ತು. ಇಂಗ್ಲೆಂಡಿನಲ್ಲಿ ಅಡ್ಮಿರಲ್ ಫಿಟ್ಜ್‌ರಾಯ್ 1861ರಲ್ಲಿಯೇ ತಂತಿಯ ಮೂಲಕ ಬಿರುಗಾಳಿಯ ಸೂಚನೆಗಳನ್ನು ರೇವುಗಳಿಗೆ ಕಳುಹಿಸುವ ಪದ್ಧತಿಯನ್ನು ನೆಲೆಗೊಳಿಸಿದ್ದನು. ಕಲ್ಕತ್ತೆಗೆ 1865ರಲ್ಲಿ ಇಂಥದೇ ಏರ್ಪಾಡು ದೊರೆಯಿತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹೆನ್ರಿ ಬ್ಲ್ಯಾನ್‌ಫರ್ಡನ ನೇತೃತ್ವದಲ್ಲಿ ಸ್ಥಾಪಿತವಾದ ಬಳಿಕ, 1886ರ ಹೊತ್ತಿಗೆ ಆ ಏರ್ಪಾಡು ಭಾರತದ ಎಲ್ಲ ಬಂದರುಗಳಿಗೂ ವ್ಯಾಪಿಸಿತು. ಹಗಲಿನಲ್ಲಿ ಸ್ತಂಭಕ್ಕೆ ಏರಿಸಿದ ಶಂಕು ಮತ್ತು ಉರುಳೆಗಳು, ಇರುಳಿನಲ್ಲಿ ಕೆಂಪು ಬಿಳಿ ದೀಪಗಳು, ಅಪಾಯದ ತಾರತಮ್ಯವನ್ನು ನಾವಿಕನಿಗೆ ತಿಳಿಸುತ್ತಿದ್ದುವು. ಹೊಲದಲ್ಲಿ ದುಡಿಯುವವನಿಗೆ ಆ ಸಂಕೇತಗಳು ಕಾಣುತ್ತಲೂ ಇರಲಿಲ್ಲ, ಕಂಡರೂ ಅರ್ಥವಾಗುವಂತಿರಲಿಲ್ಲ.

ಈ ಕೊರತೆಯ ಪರಮಾವಧಿ ಪ್ರಕಟವಾದುದು 1970ರ ನವೆಂಬರ್ 12ರ ರಾತ್ರಿ, ಅಂದಿನ ಪೂರ್ವ ಪಾಕಿಸ್ತಾನದ ಭೋಲಾ ಮೊದಲಾದ ದ್ವೀಪಗಳಲ್ಲಿ. ಉಪಗ್ರಹವು ಮಾರುತವನ್ನು ಕಂಡಿತ್ತು, ರೇಡಿಯೋ ಅಪಾಯವನ್ನು ಬಿತ್ತರಿಸಿತ್ತು. ಆದರೂ ಮೂರು ಲಕ್ಷಕ್ಕೂ ಹೆಚ್ಚು ಜನರು ಮಡಿದರು. ಸಮುದ್ರಮಟ್ಟದಿಂದ ಅತ್ಯಲ್ಪವಾಗಿ ಎದ್ದಿರುವ ಆ ಮೆಕ್ಕಲು ನೆಲದಲ್ಲಿ, ಸುದ್ದಿ ತಲಪಿದ ಮನೆಯವರಿಗಾದರೂ ಓಡಿಹೋಗಿ ಸೇರಿಕೊಳ್ಳಲು ಎತ್ತರದ ತಾಣವೆಂಬುದು ಇರಲಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗುತ್ತದೆ; ಮುನ್ನೆಚ್ಚರಿಕೆಯ ಇತಿಹಾಸವನ್ನು ಉಪಕರಣಗಳ ಇತಿಹಾಸವೆಂದು ಮಾತ್ರ ಬರೆಯುವವರು ಈ ಅಂಶವನ್ನು ಮರೆಯುತ್ತಾರೆ. ಸ್ವತಂತ್ರ ಬಾಂಗ್ಲಾದೇಶವು 1972ರಲ್ಲಿ ರೆಡ್‌ಕ್ರಾಸ್ ಸಂಸ್ಥೆಯ ನೆರವಿನಿಂದ ಕೈಗೊಂಡ ಚಂಡಮಾರುತ ಸಿದ್ಧತಾ ಕಾರ್ಯಕ್ರಮವು ಗ್ರಾಮಗ್ರಾಮದಲ್ಲಿಯೂ ಸ್ವಯಂಸೇವಕರನ್ನು ನಿಯೋಜಿಸಿತು. ಧ್ವನಿವರ್ಧಕ, ಕೈಸೈರನ್ನು, ಬಾವುಟಗಳೊಡನೆ ಮನೆಬಾಗಿಲಿಗೆ ಹೋಗಿ ಕರೆಯುವ ಇವರ ಶ್ರಮಕ್ಕೆ, ಕಾಂಕ್ರೀಟು ಕಂಬಗಳ ಮೇಲೆ ನಿಂತ ಆಶ್ರಯಗೃಹಗಳು ಕ್ರಮೇಣ ಆಧಾರವಾದುವು.

ಭಾರತದಲ್ಲಿ 1999ರ ಅಕ್ಟೋಬರ್ 29ರ ಒಡಿಶಾ ಮಹಾಚಂಡಮಾರುತವು ಸುಮಾರು ಹತ್ತು ಸಾವಿರ ಜನರ ಪ್ರಾಣವನ್ನು ಅಪಹರಿಸಿದ ಅನಂತರ, ಆ ರಾಜ್ಯವು ವಿಪತ್ತು ನಿರ್ವಹಣೆಗೆ ಪ್ರತ್ಯೇಕ ಪ್ರಾಧಿಕಾರವನ್ನು ರಚಿಸಿ ಕರಾವಳಿಯಲ್ಲಿ ಆಶ್ರಯಗೃಹಗಳನ್ನು ಕಟ್ಟತೊಡಗಿತು. 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಪ್ರಬಲ ಮಾರುತವು ಗೋಪಾಲಪುರದ ಬಳಿ ನೆಲವನ್ನು ಹೊಕ್ಕಾಗ, ನಾಲ್ಕು ದಿನ ಮುಂಚೆಯೇ ಅದರ ದಾರಿ ತಿಳಿದಿದ್ದುದರಿಂದ ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು. ಗಂಜಾಂ ಜಿಲ್ಲೆಯ ಮನೆಗಳೂ ಪೈರುಗಳೂ ಅಪಾರವಾಗಿ ನಾಶವಾದರೂ ಸತ್ತವರ ಸಂಖ್ಯೆ ಐವತ್ತನ್ನು ಮೀರಲಿಲ್ಲ.