ಕಡಿಮೆ ಬಂಡವಾಳದ ಹಾರುವ ತಟ್ಟೆ: ಕನ್ನಡ ತೆರೆಗೆ ಅನ್ಯಗ್ರಹವಾಸಿ ಬಂದದ್ದೇಕೆ ತಡವಾಗಿ?

ಮೈಸೂರು: ಆಕಾಶದಿಂದ ಇಳಿದು ಬರುವ ಅಪರಿಚಿತ ಅತಿಥಿಯ ಕಥೆ ಜಗತ್ತಿನ ಚಿತ್ರರಂಗಕ್ಕೆ ಹೊಸದಲ್ಲ. 1950ರ ದಶಕದ ಅಮೆರಿಕದಲ್ಲಿ ಅಂತಹ ಚಿತ್ರಗಳ ಸುಗ್ಗಿಯೇ ನಡೆದಿತ್ತು. ಕನ್ನಡದಲ್ಲಿ ಮಾತ್ರ ಅವುಗಳ ಸಂಖ್ಯೆ ಬೆರಳೆಣಿಕೆಯದ್ದು. ಬಂಡವಾಳದ ಕೊರತೆಯೇ ಇದಕ್ಕೆ ಕಾರಣ ಎಂಬ ಮಾತು ಸುಲಭವಾಗಿ ಕೇಳಿಬರುತ್ತದೆ. ಆದರೆ ಈ ಪ್ರಕಾರದ ಚರಿತ್ರೆಯನ್ನು ಗಮನಿಸಿದರೆ ಆ ಸಮಾಧಾನ ನಿಲ್ಲುವುದಿಲ್ಲ. ಅನ್ಯಗ್ರಹವಾಸಿಗಳ ಚಿತ್ರ ಹುಟ್ಟಿ ಬೆಳೆದದ್ದೇ ಬಡತನದಲ್ಲಿ.

ಆರು ದಿನದ ಚಿತ್ರ, ಚೆಂಡಿನ ಅನ್ಯಜೀವಿ

ಎಡ್ಗರ್ ಉಲ್ಮರ್ ನಿರ್ದೇಶಿಸಿದ ‘ದಿ ಮ್ಯಾನ್ ಫ್ರಂ ಪ್ಲಾನೆಟ್ ಎಕ್ಸ್’ (1951) ಚಿತ್ರೀಕರಣ ಆರೇ ದಿನಗಳಲ್ಲಿ ಮುಗಿಯಿತು. ‘ಜೋನ್ ಆಫ್ ಆರ್ಕ್’ ಎಂಬ ದೊಡ್ಡ ಚಿತ್ರಕ್ಕಾಗಿ ಹಾಕಿ ಉಳಿದಿದ್ದ ಸೆಟ್‌ಗಳನ್ನೇ ಉಲ್ಮರ್ ಬಳಸಿಕೊಂಡರು. ಸೆಟ್‌ನ ಕೊರತೆಯನ್ನು ಕೃತಕ ಮಂಜು ಮುಚ್ಚಿತು.

1957ರಲ್ಲಿ ಮೊದಲ ಪ್ರದರ್ಶನ ಕಂಡ ಎಡ್ ವುಡ್ ಅವರ ‘ಪ್ಲಾನ್ 9 ಫ್ರಂ ಔಟರ್ ಸ್ಪೇಸ್’ ಇದೇ ದಾರಿಯ ಇನ್ನೊಂದು ತುದಿ. ದಾರದಲ್ಲಿ ತೂಗಾಡುವ ತಟ್ಟೆಗಳಿಂದಾಗಿ ಅದು ಜಗತ್ತಿನ ಅತ್ಯಂತ ಕೆಟ್ಟ ಚಿತ್ರವೆಂಬ ಹೆಸರು ಪಡೆಯಿತು. ಆ ಹೆಸರಿನಿಂದಲೇ ಇಂದಿಗೂ ಬದುಕಿದೆ.

ಜಾನ್ ಕಾರ್ಪೆಂಟರ್ ಅವರ ‘ಡಾರ್ಕ್ ಸ್ಟಾರ್’ (1974) ವಿದ್ಯಾರ್ಥಿಗಳ ಚಿತ್ರವಾಗಿ ಆರಂಭವಾದದ್ದು. ಅದರಲ್ಲಿನ ಅನ್ಯಜೀವಿ, ಉಗುರು ಜೋಡಿಸಿ ಬಣ್ಣ ಬಳಿದ ಸಮುದ್ರತೀರದ ಆಟದ ಚೆಂಡು. ಸುಮಾರು 60 ಸಾವಿರ ಡಾಲರ್‌ಗಳ ಆ ಚಿತ್ರದ ಸಹಲೇಖಕ ಡ್ಯಾನ್ ಒ’ಬ್ಯಾನನ್ ಮುಂದೆ ‘ಏಲಿಯನ್’ (1979) ಚಿತ್ರಕ್ಕೆ ಚಿತ್ರಕಥೆ ಬರೆದರು.

ಇವೆಲ್ಲವುಗಳಿಗಿಂತ ಜಾಣತನದ ಉಪಾಯ ಡಾನ್ ಸೀಗಲ್ ಅವರ ‘ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’ (1956) ಚಿತ್ರದ್ದು. ಅಲ್ಲಿ ಬೇರೆ ಲೋಕದಿಂದ ಬಂದವರು ನೆರೆಹೊರೆಯವರ ರೂಪದಲ್ಲಿಯೇ ಇರುತ್ತಾರೆ. ವಿಚಿತ್ರ ಮುಖವಾಡ ಬೇಕಿಲ್ಲ. ಪರಿಚಿತ ಮುಖದಲ್ಲಿ ಮಮತೆ ಕಾಣದಿದ್ದರೆ ಸಾಕು, ಪ್ರೇಕ್ಷಕ ಬೆಚ್ಚುತ್ತಾನೆ.

ಮೈಸೂರಿನ ಮಾಯಾಲೋಕ

ಕಡಿಮೆ ಖರ್ಚಿನಲ್ಲಿ ಬೇರೊಂದು ಲೋಕವನ್ನು ತೆರೆಗೆ ತರುವ ವಿದ್ಯೆ ಮೈಸೂರಿಗೆ ಅಪರಿಚಿತವಾಗಿರಲಿಲ್ಲ. ಡಿ. ಶಂಕರ್ ಸಿಂಗ್ ಮತ್ತು ಬಿ. ವಿಠಲಾಚಾರ್ಯ ಅವರ ಮಹಾತ್ಮ ಪಿಕ್ಚರ್ಸ್ ಸಂಸ್ಥೆ ಮೈಸೂರನ್ನು ನೆಲೆಯಾಗಿಸಿಕೊಂಡು ‘ನಾಗಕನ್ನಿಕಾ’ (1949), ‘ಜಗನ್ಮೋಹಿನಿ’ (1951) ಚಿತ್ರಗಳನ್ನು ನಿರ್ಮಿಸಿತು. ಎರಡೂ ಜನಮನ್ನಣೆ ಗಳಿಸಿದವು. ಮುಂದೆ ತೆಲುಗಿನಲ್ಲಿ ‘ಜಾನಪದ ಬ್ರಹ್ಮ’ ಎಂದು ಹೆಸರಾದ ವಿಠಲಾಚಾರ್ಯ, ಮಿತವ್ಯಯದ ಮಾಯಾಚಿತ್ರಗಳನ್ನೇ ತಮ್ಮ ಮುದ್ರೆಯಾಗಿಸಿಕೊಂಡರು.

ಆ ಕಾಲದ ತಂತ್ರಗಳು ಸರಳ. ಕ್ಯಾಮೆರಾ ನಿಲ್ಲಿಸಿ ನಟನನ್ನು ಸರಿಸಿ ಮತ್ತೆ ಚಾಲನೆ ನೀಡಿದರೆ ಮನುಷ್ಯ ಮಾಯ. ಒಂದೇ ಫಿಲ್ಮಿನ ಮೇಲೆ ಎರಡು ಬಾರಿ ಚಿತ್ರೀಕರಿಸಿದರೆ ಪಾರದರ್ಶಕ ಭೂತ. ಹಿಮ್ಮುಖವಾಗಿ ಓಡಿಸಿದರೆ ನೆಲದಿಂದ ಮೇಲಕ್ಕೆ ನೆಗೆತ. ಹಾಲಿವುಡ್‌ನ ಹಾರುವ ತಟ್ಟೆಗಳೂ ಇಂತಹ ಉಪಾಯಗಳನ್ನೇ ನೆಚ್ಚಿಕೊಂಡಿದ್ದವು. ಕೈಚಳಕ ಒಂದೇ, ಕಥೆ ಬೇರೆ.

ಯಾದವಗಿರಿಯ ಮನೆಗೆ ತೆರಳುವ ಮುನ್ನ ಲಕ್ಷ್ಮೀಪುರಂನಲ್ಲಿ ವಾಸವಾಗಿದ್ದ ಆರ್.ಕೆ. ನಾರಾಯಣ್ ಅವರ ‘ಮಿಸ್ಟರ್ ಸಂಪತ್’ ಕಾದಂಬರಿ ಪ್ರಕಟವಾದದ್ದೂ 1949ರಲ್ಲಿಯೇ. ಮಾಲ್ಗುಡಿಯಲ್ಲಿ ಆರಂಭವಾಗುವ ‘ಸನ್‌ರೈಸ್ ಪಿಕ್ಚರ್ಸ್’ ಎಂಬ ಕಾಲ್ಪನಿಕ ಸಂಸ್ಥೆ ಆಯ್ದುಕೊಳ್ಳುವ ಕಥಾವಸ್ತು ಕಾಮದಹನ. ಸಣ್ಣ ಊರಿನ ನಿರ್ಮಾಪಕ ಚಿತ್ರಕ್ಕೆ ಕೈಹಾಕಿದರೆ ಮೊದಲು ನೆನಪಾಗುವುದು ಪುರಾಣವೇ ಎಂಬುದನ್ನು ಲೇಖಕರು ನವಿರಾಗಿ ಹಿಡಿದಿದ್ದಾರೆ.

ಕನ್ನಡದಲ್ಲಿ ಅನ್ಯಗ್ರಹವಾಸಿಗೆ ಜಾಗ ದೊರೆಯದಿರಲು ಒಂದು ಕಾರಣ ಇಲ್ಲಿಯೇ ಇದೆ ಎನ್ನಬಹುದು. ದೇವಲೋಕ, ನಾಗಲೋಕ, ಗಂಧರ್ವಲೋಕಗಳಿಂದ ಬರುವ ಅತಿಥಿಗಳು ತೆರೆಯನ್ನು ಆಗಲೇ ತುಂಬಿದ್ದರು. ಅವರ ಪರಿಚಯ ಹೇಳಬೇಕಾಗಿರಲಿಲ್ಲ. ಪ್ರೇಕ್ಷಕನಿಗೆ ಬಾಲ್ಯದಿಂದಲೇ ಗೊತ್ತಿತ್ತು.

ನೆರೆಯವರ ಪ್ರಯತ್ನಗಳು

ತಮಿಳಿನಲ್ಲಿ ಎಂ.ಜಿ. ರಾಮಚಂದ್ರನ್ ಮತ್ತು ಭಾನುಮತಿ ಅಭಿನಯದ ‘ಕಲೈ ಅರಸಿ’ 1963ರಲ್ಲಿಯೇ ತೆರೆಕಂಡಿತು. ಅನ್ಯಗ್ರಹದವರು ಭೂಮಿಗೆ ಬರುವುದು ಯುದ್ಧಕ್ಕಾಗಿ ಅಲ್ಲ, ಸಂಗೀತ ಕಲಿಸುವವರನ್ನು ಅರಸಿ. ಹಿಂದಿಯಲ್ಲಿ ದಾರಾ ಸಿಂಗ್ ಅಭಿನಯದ ‘ಚಾಂದ್ ಪರ್ ಚಢಾಯಿ’ 1967ರಲ್ಲಿ ಬಂತು. ಅದೇ ವರ್ಷ ಸತ್ಯಜಿತ್ ರೇ ಬಂಗಾಳದ ಹಳ್ಳಿಯೊಂದರ ಕೊಳಕ್ಕೆ ಬಾಹ್ಯಾಕಾಶ ನೌಕೆ ಇಳಿಯುವ ‘ದಿ ಏಲಿಯನ್’ ಚಿತ್ರಕಥೆ ರಚಿಸಿದರು. ಹಾಲಿವುಡ್‌ನ ಕೊಲಂಬಿಯಾ ಸಂಸ್ಥೆ ಆಸಕ್ತಿ ತೋರಿದರೂ ಆ ಚಿತ್ರ ತಯಾರಾಗಲಿಲ್ಲ.

ಗ್ರಾಫಿಕ್ಸ್ ಯುಗ ಬಂದ ಮೇಲೂ ಹಾದಿ ಸುಗಮವಾಗಲಿಲ್ಲ. ಶಿವಕಾರ್ತಿಕೇಯನ್ ಅಭಿನಯದ ತಮಿಳು ಚಿತ್ರ ‘ಅಯಲಾನ್’ ಹಲವು ವರ್ಷ ವಿಳಂಬವಾಗಿ 2024ರ ಜನವರಿಯಲ್ಲಿ ತೆರೆಕಂಡಿತು.

ಕನ್ನಡದ ಹೆಜ್ಜೆಗಳು

ಕನ್ನಡದಲ್ಲಿ ವಿಜ್ಞಾನದ ಕಲ್ಪನೆ ಬೇರೆ ದಾರಿಗಳಲ್ಲಿ ಸಾಗಿತು. ದಿನೇಶ್ ಬಾಬು ನಿರ್ದೇಶನದ, ಉಪೇಂದ್ರ ಅಭಿನಯದ ‘ಹಾಲಿವುಡ್’ (2002) ಯಂತ್ರಮಾನವನ ಕಥೆ ಹೇಳಿತು. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಕನಸು ತರಿಸುವ ಗುಳಿಗೆಯೊಂದನ್ನು ಹಿಡಿದು ಹೊರಟಿತು. ಜನರಿಂದಲೇ ಸಂಗ್ರಹಿಸಿದ ಸುಮಾರು 50 ಲಕ್ಷ ರೂಪಾಯಿ ಆ ಚಿತ್ರದ ಮೂಲಧನವಾಗಿತ್ತು. ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ (2024) ಕಾಲಪ್ರಯಾಣವನ್ನು ಆಯ್ದುಕೊಂಡಿತು.

ಹಾರುವ ತಟ್ಟೆಯನ್ನು ಹೆಸರಿನಲ್ಲಿಯೇ ಹೊತ್ತು ಬಂದದ್ದು ಅಜಯ್ ಸರ್ಪೇಷ್ಕರ್ ನಿರ್ದೇಶನದ ‘ಮಂಡಲ: ದಿ ಯುಎಫ್‌ಒ ಇನ್ಸಿಡೆಂಟ್’ (2023). ಅನಂತ್ ನಾಗ್, ಪ್ರಕಾಶ್ ಬೆಳವಾಡಿ, ಶರ್ಮಿಳಾ ಮಾಂಡ್ರೆ, ಕಿರಣ್ ಶ್ರೀನಿವಾಸ್, ಸಂಯುಕ್ತಾ ಹೊರನಾಡು ಅದರ ತಾರಾಗಣದಲ್ಲಿದ್ದರು. ‘ಕಲೈ ಅರಸಿ’ ಬಂದು ಆಗ 60 ವರ್ಷ ಕಳೆದಿತ್ತು.

ಈ ವಿಳಂಬಕ್ಕೆ ಡಬ್ಬಿಂಗ್ ಮೇಲಿದ್ದ ಅನಧಿಕೃತ ನಿರ್ಬಂಧವನ್ನೂ ಸೇರಿಸಿ ನೋಡಬೇಕು. ಕನ್ನಡದ ಕಲಾವಿದರ ಅನ್ನ ಉಳಿಸಲೆಂದು 1960ರ ದಶಕದಲ್ಲಿ ಮೊದಲಾದ ಆ ವಿರೋಧಕ್ಕೆ ತನ್ನದೇ ನ್ಯಾಯವಿತ್ತು. ಆದರೆ ಅದರ ಫಲವಾಗಿ ಬೇರೆ ಭಾಷೆಗಳ ವೈಜ್ಞಾನಿಕ ಚಿತ್ರಗಳು ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ದೊರೆಯಲಿಲ್ಲ. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಈ ನಿರ್ಬಂಧದ ವಿರುದ್ಧ ಆದೇಶ ನೀಡಿದ ಬಳಿಕ ಪರಿಸ್ಥಿತಿ ಬದಲಾಯಿತು. ಬಾಹ್ಯಾಕಾಶದ ಮಾತನ್ನು ತನ್ನ ನುಡಿಯಲ್ಲಿ ಕೇಳದ ಪ್ರೇಕ್ಷಕನಿಗೆ ಅನ್ಯಗ್ರಹವಾಸಿ ಕನ್ನಡ ಆಡಿದರೆ ನಗು ಬರುವುದು ಸಹಜ. ಆ ನಗೆಯ ಭಯ ಬಜೆಟ್‌ಗಿಂತ ದೊಡ್ಡ ಅಡ್ಡಿ.

ಎಲ್ಲಿ ಉಳಿತಾಯ, ಎಲ್ಲಿ ಸಲ್ಲದು

ಖರ್ಚು ಕಡಿಮೆ ಮಾಡುವುದಕ್ಕೂ ಮಿತಿಯುಂಟು. ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ 1989ರ ಫೆಬ್ರುವರಿ 8ರಂದು ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ ಸಂಭವಿಸಿದ ಬೆಂಕಿ ದುರಂತದಲ್ಲಿ 62 ಜನ ಪ್ರಾಣ ಕಳೆದುಕೊಂಡರು. ಅದು ಸಣ್ಣ ಬಜೆಟ್ಟಿನ ನಿರ್ಮಾಣವಲ್ಲ. ಆದರೂ ಬೆಂಕಿ, ಸಿಡಿಮದ್ದು, ಸೆಟ್‌ಗಳ ನಡುವೆ ಕೆಲಸ ಮಾಡುವ ಯಾವುದೇ ತಂಡಕ್ಕೆ ಮರೆಯಬಾರದ ಪಾಠ. ರಂಜನೆಯ ವಸ್ತುಗಳಲ್ಲಿ ಉಳಿತಾಯ ಮಾಡಬಹುದು. ಜನರ ಸುರಕ್ಷತೆಯಲ್ಲಿ ಅಲ್ಲ.

ಇಂದು ಸಣ್ಣ ತಂಡಗಳ ಮುಂದಿರುವ ಮಾದರಿ ಸ್ಪಷ್ಟ. ಗ್ಯಾರೆತ್ ಎಡ್ವರ್ಡ್ಸ್ ‘ಮಾನ್ಸ್ಟರ್ಸ್’ (2010) ಚಿತ್ರದ ಗ್ರಾಫಿಕ್ಸ್ ಅನ್ನು ತಾವೇ ಕಂಪ್ಯೂಟರ್ ಮುಂದೆ ಕುಳಿತು ರೂಪಿಸಿದರು. ಸುಮಾರು 7 ಲಕ್ಷ ಡಾಲರ್‌ಗಳ ‘ದಿ ವಾಸ್ಟ್ ಆಫ್ ನೈಟ್’ (2019) ಒಂದೇ ರಾತ್ರಿಯ ಕಥೆ: ಒಬ್ಬ ಟೆಲಿಫೋನ್ ಆಪರೇಟರ್, ಒಬ್ಬ ರೇಡಿಯೊ ನಿರೂಪಕ, ಎಲ್ಲಿಂದಲೋ ಬರುವ ವಿಚಿತ್ರ ಸದ್ದು. ಹೆಚ್ಚಿನ ಭಾಗದಲ್ಲಿ ತೆರೆಯ ಮೇಲಿರುವುದು ಆ ಸದ್ದನ್ನು ಆಲಿಸುವ ಮುಖಗಳೇ.

ಇದಕ್ಕೆ ಬೇಕಾದುದು ಕಥೆ, ಒಳ್ಳೆಯ ಧ್ವನಿ, ಮುಖದಲ್ಲಿ ಬೆರಗು ತೋರಬಲ್ಲ ಕಲಾವಿದರು. ರಂಗಭೂಮಿ ಜೀವಂತವಾಗಿರುವ ಮೈಸೂರಿನಂತಹ ಊರಿನಲ್ಲಿ ಇವು ದುರ್ಲಭವಲ್ಲ. ನಾಗಕನ್ನಿಕೆಯನ್ನು ನಂಬಿದ ಪ್ರೇಕ್ಷಕ, ನಂಬುವಂತೆ ಹೇಳಿದರೆ, ಅನ್ಯಗ್ರಹದ ಅತಿಥಿಯನ್ನೂ ಮನೆಯೊಳಗೆ ಕರೆದಾನು.