ತಲಕಾಡು ಮರಳಾಗಿದ್ದು ಶಾಪದಿಂದಲೇ?

ಫಾರ್ವರ್ಡ್ ಏನು ಹೇಳುತ್ತದೆ?
1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದಾಗ ಅಲಮೇಲಮ್ಮ ಶಾಪ ಹಾಕಿದಳು, ಅದರಿಂದಲೇ ತಲಕಾಡು ಮರಳಲ್ಲಿ ಮುಚ್ಚಿತು ಎನ್ನುತ್ತದೆ.

ನಿಜವೇನು?
ಕಡಲ ತೀರವಿರಲಿ, ನದಿ ದಂಡೆಯಿರಲಿ, ಮರಳ ದಿಬ್ಬ ಏಳಲು ಮೂರು ಸೇರಬೇಕು: ಒಣ ಮರಳು, ಗಾಳಿ, ಅಡ್ಡ ನಿಲ್ಲುವ ವಸ್ತು. ತಲಕಾಡಿನಲ್ಲಿ ಕಾವೇರಿ ತಿರುಗಿ ಹರಿಯುತ್ತದೆ. ನದಿ ತಿರುವಿನ ಒಳಬದಿಯಲ್ಲಿ ನೀರಿನ ವೇಗ ತಗ್ಗಿ ಮರಳು ಕೂರುತ್ತದೆ. ಬೇಸಿಗೆಯಲ್ಲಿ ಒಣಗಿದ ಈ ಮರಳನ್ನು ನೈಋತ್ಯದ ಗಾಳಿ ಊರಿನತ್ತ ತಳ್ಳುತ್ತದೆ. ಪೊದೆಯೋ ಗುಡಿಯ ಗೋಡೆಯೋ ಅಡ್ಡ ಬಂದಲ್ಲಿ ಗಾಳಿ ಸೋತು ಮರಳು ಬೀಳುತ್ತದೆ, ವರ್ಷ ವರ್ಷವೂ ರಾಶಿ ಬೆಳೆಯುತ್ತದೆ.

14ನೇ ಶತಮಾನದಲ್ಲಿ ಮಾಧವ ಮಂತ್ರಿ ಕಟ್ಟಿಸಿದ ಅಣೆಕಟ್ಟೆಯಿಂದ ನದಿಯಲ್ಲಿ ನೀರು ಇಳಿದು ಹೆಚ್ಚು ಮರಳು ಬಯಲಾಯಿತು ಎಂಬ ವಾದವೂ ಇದೆ. ಈ ಕಟ್ಟೆ ಶಾಪದ ಕಥೆಗಿಂತ ಇನ್ನೂರಕ್ಕೂ ಹೆಚ್ಚು ವರ್ಷ ಹಳೆಯದು.

ದಿಬ್ಬ ನಿಲ್ಲುವುದು ಹೇಗೆ?
ಗಿಡಗಳಿಂದ. ಕರಾವಳಿಯಲ್ಲಿ ಮೇಕೆ ಗೊರಸಿನಂಥ ಎಲೆಯ ಬಳ್ಳಿ ಮೊದಲು ಹಬ್ಬುತ್ತದೆ. ಮರಳು ಮುಚ್ಚಿದರೆ ಗೆಣ್ಣುಗಳಲ್ಲಿ ಬೇರು ಬಿಟ್ಟು ಮತ್ತೆ ಮೇಲೇಳುತ್ತದೆ. ಉದುರಿದ ಎಲೆ ಕೊಳೆತು ತೇವ ಹಿಡಿದಂತೆ ಹುಲ್ಲು, ಪೊದೆ, ಕೊನೆಗೆ ಮರಗಳು ಬರುತ್ತವೆ. ಇದಕ್ಕೆ ದಶಕಗಳೇ ಬೇಕು. ತಲಕಾಡಿನಲ್ಲೂ ಮರಳು ತಡೆಯಲು ನೀಲಗಿರಿ, ಸರ್ವೆ ಮರಗಳನ್ನು ನೆಡಲಾಗಿದೆ.

ನೆನಪಿಡಿ
ಗಿಡ ಕಿತ್ತರೆ ದಿಬ್ಬ ಮತ್ತೆ ನಡೆಯತೊಡಗುತ್ತದೆ. ಕಡಲ ತೀರದಲ್ಲಾದರೆ ಬಿರುಗಾಳಿಯ ಅಲೆಗಳಿಗೆ ಮನೆ, ತೋಟಗಳೇ ಎದುರಾಗುತ್ತವೆ. ಶಾಪದ ಕಥೆಯನ್ನು ಕಥೆಯಾಗಿ ಹೇಳೋಣ. ಮರಳಿನ ಕಾರಣವನ್ನೂ ಜೊತೆಗೇ ಕಳಿಸೋಣ.